ಇಬ್ಬರಿಗಷ್ಟೇ ಗೊತ್ತಿದ್ದ ಹೆಸರು

"ಯಾರನ್ನ ನೋಡಾಕತ್ತೀರಿ ಅಷ್ಟು ದಿಟ್ಟಿಸಿ?"

ಬೈನಾಕ್ಯುಲರ್ ಇಳಿಸಿ ದಾನೇಶ್ವರಿ ತಿರುಗಿದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ, ತುಟಿಯಂಚಿನಲ್ಲಿ ಅಡಗಿಸಿದ ನಗು. ಹತ್ತರಗಿಯ ಗುಡ್ಡದ ಕೆಳಗೆ ಕುರಿ ಮೇಯಿಸುತ್ತಿದ್ದವನು ಬಂಡೆ ಹತ್ತಿ ಮೇಲೇ ಬಂದಿದ್ದ.

"ನಿಮ್ಮನ್ನಂತೂ ಅಲ್ಲ ಬಿಡ್ರಿ. ತ್ವಾಳ ನೋಡಾಕತ್ತೇನಿ."

"ಹಂಗಾದ್ರ ನಾ ಸುಮ್ನ ತಲಿ ಬಾಚ್ಕೊಂಡೆ."

ಅವಳು ನಕ್ಕುಬಿಟ್ಟಳು. ನಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಮೂಡಲಗಿಯ ದಾನೇಶ್ವರಿ ಗೋಕಾಕದಲ್ಲಿ ಪ್ರಾಣಿಶಾಸ್ತ್ರ ಓದಿ, ತೋಳಗಳ ಸರ್ವೆ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವನ ಹೆಸರು ಮಾಳು. ತಾಯಿ ಅಕ್ಕವ್ವ, ಅಣ್ಣ ಕೆಂಚಪ್ಪ, ಇನ್ನೂರು ಕುರಿ, ಇಷ್ಟು ಅವನ ಸಂಸಾರ. ತೋಳ ಎಲ್ಲಿ ನೀರು ಕುಡಿಯುತ್ತದೆ, ಯಾವ ಹಾದಿ ಹಿಡಿಯುತ್ತದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಅವಳ ಪುಸ್ತಕಗಳಿಗೆ ಗೊತ್ತಿರಲಿಲ್ಲ. ಕಂಡರೆ ಹೇಳು ಎಂದು ಫೋನ್ ನಂಬರ್ ಕೊಟ್ಟಳು.

ಮೊದಲ ಸಲ ಅವನು ಹೈವೇ ಬದಿಯ ಚಹಾದಂಗಡಿಯಲ್ಲಿ ನಿಂತು ಫೋನಿನಲ್ಲಿ "ತ್ವಾಳ" ಅಂದದ್ದೇ ತಡ, ನಾಲ್ಕು ಜನ ಎದ್ದು ನಿಂತರು. ಎಲ್ಲಿ, ಎಷ್ಟು ಎಂದು ಕೇಳುತ್ತಲೇ ಬಡಿಗೆ ಹುಡುಕಿದರು.

"ಯಾರಿಗೂ ತಿಳೀಲಾರದ ಒಂದು ಹೆಸರು ಕೊಡ್ರಿ ಅದಕ್ಕ," ಎಂದು ಮರುದಿನ ಮಾಳು ಕೇಳಿದ.

ಹಿಂದಿನ ವರ್ಷ ಸ್ಪೇನ್‌ನ ಸಂಶೋಧಕಿ ಇನೆಸ್ ಇದೇ ಗುಡ್ಡಗಳಲ್ಲಿ ಎರಡು ತಿಂಗಳು ದಾನೇಶ್ವರಿಯ ಜೊತೆ ತಿರುಗಿದ್ದಳು. ತೋಳ ಕಂಡಾಗಲೆಲ್ಲ ಇನೆಸ್ ಬಾಯಿಂದ ತಾನಾಗಿ ಬರುತ್ತಿದ್ದ ಮಾತು ಈಗ ನೆನಪಾಯಿತು.

"ಲೋಬೊ."

"ಲಾಭಾನ?"

"ಲೋ-ಬೊ. ಸ್ಪ್ಯಾನಿಶ್‌ನ್ಯಾಗ ತ್ವಾಳ."

"ಕಾಳಿನ ರಾಶಿ ಅಳೆಯುವಾಗ ನಾವು ಮೊದಲನೇದಕ್ಕ ಒಂದು ಅನ್ನೂದಿಲ್ಲ, ಲಾಭ ಅಂತೀವಿ. ಕುರಿ ತಿನ್ನೂದಕ್ಕ ಎಂಥಾ ಹೆಸರಿಟ್ಟಾರ್ರಿ!" ಮಾಳು ನಕ್ಕ. "ಹೆಣ್ಣಾದ್ರ?"

"ಲೋಬಾ."

"ಲೋಬಾ," ಎಂದು ಅವಳ ಕಣ್ಣನ್ನೇ ನೋಡುತ್ತ ನಿಧಾನವಾಗಿ ಹೇಳಿದ. ಅವಳು ಬೈನಾಕ್ಯುಲರ್‌ನ ಗಾಜು ಒರೆಸತೊಡಗಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅವತ್ತಿನಿಂದ ದಿನಾ ಫೋನ್. ಲೋಬೊ ಹಳ್ಳ ದಾಟಿದ, ಲೋಬಾ ಒಬ್ಬಾಕಿನ ಅದಾಳ. ಬರಬರುತ್ತ ತೋಳ ಕಾಣದ ದಿನವೂ ಫೋನ್ ಬಂತು.

"ಇವತ್ತೇನೂ ಕಂಡಿಲ್ಲ. ಅದನ್ನ ಹೇಳಾಕ ಮಾಡಿದೆ."

"ಇನ್ನೇನರ ಹೇಳೂದೈತೇನು?"

"ಐತಿ. ಬಸ್ ಹತ್ತಿ ಬಾ, ಹೇಳ್ತೇನಿ."

ಬಂದರೆ ಹೇಳುತ್ತಿರಲಿಲ್ಲ. ಅಕ್ಕವ್ವ ಕೊಟ್ಟ ಮಜ್ಜಿಗೆಯ ತಂಬಿಗೆಯನ್ನು ಅವಳ ಕೈಗಿಟ್ಟು, ಬೆರಳು ತೆಗೆಯುವುದನ್ನು ತುಸು ಮರೆಯುತ್ತಿದ್ದ.

ಚಳಿಗಾಲದಲ್ಲಿ ಹಳ್ಳದ ಮೇಲಿನ ಗವಿಯಲ್ಲಿ ಲೋಬಾ ಐದು ಮರಿ ಹಾಕಿತು. ಮೊದಲು ಕಂಡವನು ಮಾಳು. ಮರಿಗಳು ಗವಿಯ ಬಾಯಿಗೆ ಬರುವಷ್ಟಾದಾಗ ಇಬ್ಬರೂ ದೂರದ ಬಂಡೆಯ ಮರೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗಿ ನೋಡಿದರು.

"ನಮ್ಮ ಕುರಿದಡ್ಡಿ ಗವಿಗೆ ಭಾಳ ಸನೇಕ ಐತಿ," ಎಂದ ಮಾಳು. "ಅಣ್ಣಗ ಹೇಳ್ತೇನಿ. ಕುರಿ ಕಣಗಲಾ ಕಡೆ ಹೊಡಕೊಂಡು ಹೋಗ್ತೇವಿ."

"ಯಾಕ ಅಂತ ಕೇಳ್ತಾನ. ಒಬ್ಬರಿಗೆ ತಿಳೀತಂದ್ರ ಊರಿಗೆಲ್ಲ ತಿಳೀತೈತಿ, ಮರಿ ಉಳಿಯೂದಿಲ್ಲ. ಹದಿನೈದು ದಿನದಾಗ ತಾಯಿ ಮರಿ ಬ್ಯಾರೆ ಕಡೆ ಒಯ್ತೈತಿ, ಅಲ್ಲೀತನಕ ತಡಿ ಮಾಳು. ನನ್ನ ಸಲುವಾಗಿ."

ಅವನು ಗವಿಯ ಕಡೆ ತಿರುಗಿದ.

"ನಿನ್ನ ಸಲುವಾಗಿ," ಎಂದ.

ಒಂಬತ್ತನೆಯ ದಿನ ಮುಂಜಾನೆ ಅಣ್ಣತಮ್ಮಂದಿರು ಕುರಿ ಹೊಡೆದುಕೊಂಡು ಹೋಗಿದ್ದರು. ಬೇಲಿ ಹಾಕಿದ ದಡ್ಡಿಯಲ್ಲಿ ಕುರಿಮರಿಗಳು ಮತ್ತು ಅಕ್ಕವ್ವ ಮಾತ್ರ. ತೋಳಗಳು ನುಗ್ಗಿ ಏಳು ಮರಿ ಕೊಂದವು. ಎಂಟನೆಯದನ್ನು ಬಿಡಿಸಲು ಹಿಂದೆ ಓಡಿದ ಅಕ್ಕವ್ವ ಹಳ್ಳದ ಕಲ್ಲಿನ ಮೇಲೆ ಬಿದ್ದು ಸೊಂಟ ಮುರಿದುಕೊಂಡಳು.

ದಾನೇಶ್ವರಿಗೆ ಮಾಳುವಿನ ಫೋನ್ ಬಂದದ್ದು ಮರುದಿನ ಮಧ್ಯಾಹ್ನ. ತಾಯಿ ಬಿದ್ದದ್ದನ್ನು ಹೇಳಿ, "ಗವಿ ಕಡೆ ಬಾ," ಎಂದು ಇಟ್ಟುಬಿಟ್ಟ.

ಗವಿಯ ಬಾಯಿಗೆ ದೊಡ್ಡ ಕಲ್ಲುಗಳನ್ನು ಒಟ್ಟಿದ್ದರು. ಸಂದಿಗಳಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು. ಮಾಳುವಿನ ಎರಡೂ ಅಂಗೈ ತರಚಿದ್ದವು.

"ಅವ್ವನ್ನ ದವಾಖಾನಿಗೆ ಹಾಕಿ ಬಂದ ಮ್ಯಾಲೆ ಅಣ್ಣ ಕೇಳಿದ, ಇಲ್ಲಿ ಗವಿ ಐತಂತ ನಿನಗ ಗೊತ್ತಿತ್ತೇನು ಅಂತ. ಸುಳ್ಳು ಹೇಳಾಕ ಆಗ್ಲಿಲ್ಲ."

"ಕಲ್ಲು?"

"ನಾನ ಉರುಳಿಸಿದೆ."

"ಐದೂ ಒಳಗ ಇದ್ವೇನು?"

"ಹೂಂ."

"ಆಡಾಕತ್ತಿದ್ವು ಮಾಳು. ನೀನೂ ನೋಡಿದ್ದಿ!"

"ನಮ್ಮವ್ವ ಇನ್ನ ಕುರಿ ಹಿಂದ ನಡಿಯೂದಿಲ್ಲ ಅಂದಾರ ಡಾಕ್ಟರ್. ಅದನ್ನ ನೀ ಕೇಳಲಿಲ್ಲ."

ಖರೆ, ಕೇಳಿರಲಿಲ್ಲ. ಬಸ್ಸಿನ ದಾರಿಯುದ್ದಕ್ಕೂ ಅವಳಿಗೆ ಗವಿಯದೇ ಚಿಂತೆಯಾಗಿತ್ತು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಅವನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

"ಸಂಕ್ರಮಣ ಆದ ಮ್ಯಾಲೆ ಮೂಡಲಗಿಗೆ ಬಂದು ನಿಮ್ಮಪ್ಪನ್ನ ಕಾಣಬೇಕಂತ ಮಾಡಿದ್ದೆ," ಎಂದ ಮಾಳು. "ಬೈಲಿ, ಹೊಡೀಲಿ, ನಿನ್ನ ಕೇಳೇ ಕೇಳ್ತೇನಿ ಅಂತ. ಅಷ್ಟು ಜೀವ ಇತ್ತು ನಿನ್ನ ಮ್ಯಾಲೆ."

ಇತ್ತು ಎಂದ, ಐತಿ ಎನ್ನಲಿಲ್ಲ.

"ನನಗೂ," ಎಂದಳು ದಾನೇಶ್ವರಿ.

ಗವಿ ಮುಚ್ಚಿದವರು ಯಾರೆಂದು ತಿಳಿದಿಲ್ಲ ಎಂದು ಸಂಸ್ಥೆಗೆ ವರದಿ ಬರೆದಳು. ಹೆಸರು ಬರೆದಿದ್ದರೆ ಅವನು ಜೈಲಿಗೆ ಹೋಗುತ್ತಿದ್ದ. ಸುಳ್ಳು ಬರೆದ ಕೈಯಿಂದ ಮತ್ತೆ ಆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಅದೇ ವಾರ ರಾಜೀನಾಮೆ ಕೊಟ್ಟು, ಗೋಕಾಕದ ದವಾಖಾನೆಗೆ ಅಕ್ಕವ್ವನನ್ನು ನೋಡಲು ಹೋದಳು.

"ಬಾ ನನ್ನವ್ವಾ," ಎಂದು ಅಕ್ಕವ್ವ ಮಲಗಿದಲ್ಲಿಂದಲೇ ಅವಳ ಕೈ ಹಿಡಿದಳು. "ನಿನ್ನ ವಿಚಾರ ಮಾಳು ಮೊದಲ ಹೇಳ್ಯಾನ. ಜಾತಿ ಬ್ಯಾರೆ ಅಂತ ನಾ ಅಂಜಾಕಿ ಅಲ್ಲ. ಎದ್ದು ಕುಂದ್ರಾಂಗ ಆಗ್ಲಿ, ನಾನ ನಿಮ್ಮ ಮನಿಗೆ ಬರ್ತೇನಿ."

ಗವಿಯ ವಿಷಯದಲ್ಲಿ ಮಾತ್ರ ಮಾಳು ದಾನೇಶ್ವರಿಯ ಹೆಸರನ್ನು ತಾಯಿಗೆ ಹೇಳಿಲ್ಲ ಎಂದು ಅವಳಿಗೆ ಅರ್ಥವಾಯಿತು. ಸುಮ್ಮನಿದ್ದರೆ ಸಾಕಿತ್ತು. ಹಿಡಿದ ಆ ಕೈ ಬೆಚ್ಚಗಿತ್ತು, ಒರಟಾಗಿತ್ತು, ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲ.

"ಅವ್ವಾ, ಅಲ್ಲಿ ಗವಿ ಐತಂತ ಮಾಳುಗ ಗೊತ್ತಿತ್ತು. ಯಾರಿಗೂ ಹೇಳಬ್ಯಾಡ ಅಂದಾಕಿ ನಾನ."

ಅಕ್ಕವ್ವ ಅವಳ ಮುಖ ನೋಡಿದಳು. ಬೈಯಲಿಲ್ಲ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು.

ಹೊರಗೆ ವರಾಂಡದಲ್ಲಿ ಮಾಳು ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಮಡಿಲಲ್ಲಿ ತಾಯಿಗೆ ತಂದ ಬುತ್ತಿ. ತೆರೆದ ಬಾಗಿಲಿನಿಂದ ಎಲ್ಲವೂ ಕೇಳಿಸಿತ್ತು. ದಾನೇಶ್ವರಿ ಅವನೆದುರು ಬಂದು ನಿಂತಳು. ಒಂದು ಮಾತು ಆಡಬಹುದೆಂದು ಕಾದಳು.

ಮಾಳು ತಲೆ ಎತ್ತಲಿಲ್ಲ. ಚಾಚಿದ್ದ ಕಾಲು ಮಡಚಿಕೊಂಡು ದಾರಿ ಬಿಟ್ಟ.