ಪ್ಯಾಸೇಜಿನ ದೀಪದ ಮರೆವು

"ಮತ್ತೆ ಮರೆತುಬಿಡ್ತಾ ಮೇಡಂ?" ಎನ್ನುತ್ತಾ ಅವನು ಟೂಲ್ ಬ್ಯಾಗನ್ನು ಬಾಗಿಲ ಬಳಿ ಇಟ್ಟ.

"ಹೂಂ, ಮರೀತು," ಎಂದಳು ಅವಳು, ಅವನ ಮುಖ ನೋಡದೆ.

ಮರೆತದ್ದು ಪ್ಯಾಸೇಜಿನ ಬಲ್ಬು. ಅಮ್ಮನಿಗೆ ಮಂಡಿಯ ಆಪರೇಷನ್ ಆದ ಮೇಲೆ, ಕತ್ತಲಲ್ಲಿ ಸ್ವಿಚ್ ತಡಕುವ ಕಷ್ಟ ತಪ್ಪಲಿ ಎಂದು ಅವಳೇ ಸ್ಮಾರ್ಟ್ ಹಬ್ ಒಂದನ್ನು ತರಿಸಿದ್ದಳು. ಅಂಗೈಯಗಲದ ಬಿಳಿ ಡಬ್ಬಿ. ಬಾಯಲ್ಲಿ ಹೇಳಿದರೆ ದೀಪ, ಫ್ಯಾನು, ಬಾಗಿಲ ಬೀಗ ಎಲ್ಲವೂ ಮಾತು ಕೇಳುತ್ತವಂತೆ. ತಿಂಗಳು ಬಳಸಿ ನೋಡಿ, ಬೇಡವಾದರೆ ವಾಪಸ್ ಕೊಡಬಹುದು. ಅಮ್ಮ ಅದಕ್ಕೆ ಡಬ್ಬಿರಾಯ ಎಂದು ಹೆಸರಿಟ್ಟಿದ್ದಳು. ಜೋಡಿಸಲು ಬಂದವನು ಡಬ್ಬಿರಾಯನ ಡಾಕ್ಟ್ರು.

"ಒಂದು ಸ್ವಿಚ್ ಒತ್ತೋಕೆ ಇಷ್ಟುದ್ದ ರಾಮಾಯಣ ಬೇಕಿತ್ತಾ?" ಎಂದು ಅಮ್ಮ ಮೊದಲ ದಿನವೇ ಗೊಣಗಿದ್ದಳು. ಮಗಳಿಗೂ ಹಾಗೇ ಅನ್ನಿಸಿತ್ತು. ಆಪ್ ಹಾಕು, ಪಾಸ್‌ವರ್ಡ್ ಕೊಡು, ಒಂದೊಂದೇ ಬಲ್ಬನ್ನು ಕರೆದು ಡಬ್ಬಿಗೆ ಪರಿಚಯ ಮಾಡಿಸು.

ಆದರೆ ಅವನಿಗೆ ಬೇಸರವೆಂಬುದೇ ಇರಲಿಲ್ಲ. ಅಮ್ಮನ ಮೆತ್ತಗಿನ ದನಿ ಡಬ್ಬಿಗೆ ಕೇಳಿಸದೆ ಹೋದಾಗ, ಜೋರಾಗಿ ಹೇಳಿ ಎನ್ನಲಿಲ್ಲ. "ನೀವು ಬದಲಾಗ್ಬೇಡಿ ಅಮ್ಮಾ, ಅದೇ ಕಲೀಲಿ," ಎಂದು ಡಬ್ಬಿಯನ್ನೇ ಅವಳ ಕುರ್ಚಿಯ ಹತ್ತಿರಕ್ಕೆ ತಂದಿಟ್ಟ.

ಅವನ ಕನ್ನಡಕ ಮಾತ್ರ ಮೂಗಿನಿಂದ ಜಾರುತ್ತಲೇ ಇತ್ತು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳಿಗೆ ಅದನ್ನು ನೋಡಿಕೊಂಡು ಕೂರಲಾಗುತ್ತದೆಯೇ? "ಕೊಡಿ ಇಲ್ಲಿ," ಎಂದು ಕಡ್ಡಿಗಳನ್ನು ಹದವಾಗಿ ಬಾಗಿಸಿ, ಗಾಜು ಒರೆಸಿ ಕೊಟ್ಟಳು.

ಹಾಕಿಕೊಂಡವನು ಒಂದು ಗಳಿಗೆ ರೆಪ್ಪೆ ಹೊಡೆಯಲಿಲ್ಲ. "ಈಗ ಚೆನ್ನಾಗಿ ಕಾಣ್ತಿದೆ," ಎಂದ. ಅವನು ನೋಡುತ್ತಿದ್ದದ್ದು ಬಲ್ಬನ್ನಲ್ಲ.

ಹೊರಡುವಾಗ ಎಚ್ಚರಿಕೆ ಹೇಳಿದ್ದ: "ಸ್ವಿಚ್ಚನ್ನ ಪಟಪಟ ಅಂತ ಆನ್ ಆಫ್ ಮಾಡ್ಬೇಡಿ ಮೇಡಂ. ಬಲ್ಬು ಎಲ್ಲಾ ಮರೆತು ಹುಟ್ಟಿದ ಕೂಸಿನ ಹಾಗಾಗುತ್ತೆ. ಮತ್ತೆ ನಾನೇ ಬರ್ಬೇಕಾಗುತ್ತೆ."

ಆ ಕಡೆಯ ಮಾತೊಂದೇ ಅವಳ ಕಿವಿಯಲ್ಲಿ ಉಳಿಯಿತು.

ಮೊದಲ ಸಲ ಪಟಪಟ ಮಾಡಿದಾಗ ಅದು ಆಟದಂತಿತ್ತು. ಅವನು ಬಂದ, ಜೋಡಿಸಿದ, ಟೀ ಕುಡಿದ.

"ಈ ಬಲ್ಬಿಗೆ ನನ್ನ ಮೇಲೆ ಏನೋ ಮುನಿಸು," ಎಂದ, ಎರಡನೆಯ ಸಲ ಬಂದಾಗ.

"ಪ್ರೀತಿಯೂ ಇರ್ಬಹುದು," ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಕಿವಿ ಕೆಂಪಾದದ್ದನ್ನು ಅಮ್ಮನೂ ನೋಡಿದಳು.

ಅವನು ಹೋದ ಮೇಲೆ ಮಾತ್ರ ಎದೆಯಲ್ಲಿ ಮುಳ್ಳಾಡುತ್ತಿತ್ತು. "ಪಾಪ, ಆ ಡಾಕ್ಟ್ರು ಎಷ್ಟು ಸಲ ಓಡಾಡ್ತಾರೆ," ಎಂದು ಅಮ್ಮ ಅಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗುತ್ತಿತ್ತು. ಇದೇ ಕೊನೆ ಎಂದುಕೊಳ್ಳುವಳು. ನಿನ್ನೆ ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಕೈ ಮತ್ತೆ ಸ್ವಿಚ್ಚಿಗೆ ಹೋಗಿತ್ತು.

ಸಂಜೆ ಅವಳು ಮನೆಗೆ ಬರುವ ಮೊದಲೇ ಅಮ್ಮ ಕೋಲೂರಿಕೊಂಡು ಪ್ಯಾಸೇಜಿಗೆ ಬಂದಿದ್ದಳು. ದೀಪವನ್ನು ಕರೆದಿದ್ದಳು. ದೀಪ ಬರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಮೂಲೆ ಕಾಲಿಗೆ ಬಡಿದು, ಮೊಣಕಾಲ ಕೆಳಗೆ ನೀಲಿಗಟ್ಟಿತ್ತು.

ಈಗ ಅವನು ಆ ಕಾಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. "ನನ್ನಿಂದ ಆಯ್ತು ಅಮ್ಮಾ."

"ಛೇ, ನೀನೇನಪ್ಪಾ ಮಾಡ್ದೆ? ಡಬ್ಬಿರಾಯನಿಗೆ ನನ್ನ ಕಂಡ್ರೆ ಆಗಲ್ಲ, ಅಷ್ಟೇ."

ಅವನು ನಗಲಿಲ್ಲ. ಡಬ್ಬಿ ಬಂದಿದ್ದ ಪೆಟ್ಟಿಗೆಯೊಳಗಿನ ಸ್ಪಾಂಜನ್ನು ಕತ್ತರಿಸಿ, ಸ್ಟ್ಯಾಂಡಿನ ಮೂಲೆಗೆ ಸುತ್ತಿ ಟೇಪು ಹಚ್ಚಿದ. ಚೂಪು ಉಳಿದಿದೆಯೇ ಎಂದು ತನ್ನ ಅಂಗೈಯನ್ನೇ ಒತ್ತಿ ನೋಡಿದ. ಆಮೇಲೆ ಡಬ್ಬಿಯ ವೈರು ಕಿತ್ತ.

"ಇದನ್ನ ವಾಪಸ್ ತಗೊಂಡು ಹೋಗ್ತೀನಿ. ನಾಳೆಯಿಂದ ಗೋಡೌನ್ ಕೆಲಸಕ್ಕೆ ಹಾಕಿ ಅಂತ ಕೇಳ್ತೀನಿ. ಒಂದು ಬಲ್ಬು ಸರಿಯಾಗಿ ಜೋಡಿಸೋಕಾಗದವನು ಇನ್ನೊಬ್ಬರ ಮನೆಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಆ ಸ್ಪಾಂಜಿನ ತುಂಡನ್ನು ಅವಳಿಂದ ನೋಡಲಾಗಲಿಲ್ಲ.

"ಅದು ಮರೀಲಿಲ್ಲ," ಎಂದಳು. "ನಾನೇ ಮರೆಸಿದೆ."

"ಅಂದ್ರೆ?"

"ಸ್ವಿಚ್ಚನ್ನ ಪಟಪಟ ಅಂತ... ಪ್ರತಿ ಸಲವೂ ನಾನೇ. ನೀವು ಬರ್ಲಿ ಅಂತ."

ಕನ್ನಡಕ ಜಾರಿತು. ಅವನು ಮೇಲಕ್ಕೆ ಸರಿಸಲಿಲ್ಲ. "ನಿನ್ನೆಯೂನಾ?"

"ನಿನ್ನೆಯೂ."

ಅವನು ಅಮ್ಮನ ಕಾಲಿನ ಕಡೆ ನೋಡಿ, ಬಹಳ ಮೆಲ್ಲಗೆ ಹೇಳಿದ: "ನಾನು ನನ್ನ ಕೈಯನ್ನೇ ನಂಬೋದು ಬಿಟ್ಟಿದ್ದೆ ಮೇಡಂ."

ವೈರನ್ನು ಮತ್ತೆ ಸಿಕ್ಕಿಸಿದ. ಬಲ್ಬನ್ನು ಜೋಡಿಸಿದ. ಅಮ್ಮನಿಂದ ಒಮ್ಮೆ ಕರೆಸಿ, ದೀಪ ಹತ್ತಿದ್ದನ್ನು ನೋಡಿ ಹೊರಟುಹೋದ. ಅವಳು ತಂದ ಟೀ ಆರಿತು.

ಅಮ್ಮ ಆರಿದ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಕಾಲು ವಾಸಿಯಾಗುತ್ತೆ ಬಿಡು. ಅವನ ಮುಖ ನೋಡ್ದೆಯಾ? ಒಂದು ಟೀಗೆ ಬನ್ನಿ ಅಂತ ಕರೆದಿದ್ರೆ ಬರ್ತಿರಲಿಲ್ವೇನೇ, ಪೆದ್ದಿ?"

ಅವಳು ಅಮ್ಮನ ಪಾದದ ಬಳಿ ಕುಳಿತು ಅತ್ತಳು.

"ಪ್ಯಾಸೇಜಿನದೊಂದು ಇರ್ಲಿ," ಎಂದಳು ಅಮ್ಮ, ಅವಳ ತಲೆ ಸವರುತ್ತಾ. "ಕತ್ತಲಲ್ಲಿ ಕರೆದಾಗ ಓಗೊಟ್ರೆ ಅದೊಂದು ಉಪಕಾರವೇ. ಆ ಒಂದು ದೀಪಕ್ಕೆ ಇಷ್ಟು ಒದ್ದಾಡಿದ್ದು ಸಾರ್ಥಕ. ಉಳಿದದ್ದೆಲ್ಲ ಬಿಚ್ಚಿಸು. ಫ್ಯಾನಿನ ಜೊತೆ ನಾನು ಮಾತಾಡೋದೇನಿದೆ?"

ಆ ನೀಲಿ ನಿಧಾನವಾಗಿ ಹಳದಿಗೆ ತಿರುಗಿತು. ದಿನಾ ಮುಲಾಮು ಹಚ್ಚುವಾಗ ಅವಳಿಗೆ ಅವನ ಕೈ ನೆನಪಾಗುತ್ತಿತ್ತು. ಫೋನ್ ಮಾಡುವ ಧೈರ್ಯ ಬರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಕೌಂಟರಿನ ಮೇಲೆ ಕನ್ನಡಕವೊಂದು ಬಂತು. ಪಕ್ಕದಲ್ಲೇ ಕಳಚಿದ ಕಡ್ಡಿ, ಮಡಿಸಿದ ಕಾಗದದ ಮೇಲೆ ಜೋಪಾನವಾಗಿಟ್ಟ ಸ್ಕ್ರೂ. ತಲೆಯೆತ್ತಿದರೆ, ಕಣ್ಣು ಕಿರಿದು ಮಾಡಿಕೊಂಡು ನಿಂತವನು ಅವನೇ.

"ಸ್ಕ್ರೂ ಇಷ್ಟು ನೀಟಾಗಿ ತಾನಾಗೇ ಬರಲ್ಲವಲ್ಲ," ಎಂದಳು.

"ಬರಲ್ಲ. ನಾನೇ ಬಿಚ್ಚಿದೆ. ಮೊದಲೇ ಹೇಳ್ಬಿಡೋಣ ಅಂತ."

ಅವಳು ಸ್ಕ್ರೂ ಬಿಗಿಯತೊಡಗಿದಳು. "ಕೋಪ ಹೋಗಿಲ್ಲ ಅಲ್ವಾ?"

"ಪೂರ್ತಿ ಹೋಗಿಲ್ಲ. ಆದ್ರೆ ಗೋಡೌನಿಗೂ ಹೋಗಿಲ್ಲ." ಅವನು ಕೇಳಿದ, "ಅಮ್ಮನ ಕಾಲು?"

"ವಾಸಿಯಾಗ್ತಿದೆ. ದಿನಾ ನೋಡ್ತೀನಿ. ನೋಡಿದಾಗೆಲ್ಲ ಸಂಕಟವಾಗುತ್ತೆ."

"ಸಂಜೆ ನಾನೂ ಬಂದು ನೋಡ್ಲಾ? ಬಲ್ಬು ಕೆಡದಿದ್ರೂ ಬರ್ಬಹುದಾ?"

ಅವಳು ಕೌಂಟರಿನ ಮೇಲಿಂದ ಬಾಗಿ, ಕನ್ನಡಕವನ್ನು ತಾನೇ ಅವನ ಕಿವಿಗಳಿಗೆ ಸಿಕ್ಕಿಸಿದಳು. ಅವನ ಕಣ್ಣುಗಳು ಅವಳನ್ನು ಹುಡುಕಿ ಬಂದು ನಿಂತವು.

"ಬನ್ನಿ," ಎಂದಳು. ಈ ಸಲ ಅವನ ಮುಖ ನೋಡಿಕೊಂಡೇ.