ಕಬ್ಬಿನ ಹಾಲು ಕೊಡದ ಆಲೆಮನೆ

೧೯೩೬ನೇ ಇಸವಿ ಫೆಬ್ರವರಿ ಹತ್ತು, ಸೋಮವಾರ. ಮದ್ದೂರು ಠಾಣೆಯ ದಫೇದಾರ್ ಮರಿಸಿದ್ದಯ್ಯ ಬೆಳಗಿನ ಎಲೆಅಡಿಕೆಗೆ ಸುಣ್ಣ ಸವರುತ್ತಿದ್ದಾಗ ಚಿಕ್ಕರಸಿನಕೆರೆಯ ಶಿವಯ್ಯ ಏದುಸಿರು ಬಿಡುತ್ತ ಬಂದು ನಿಂತ.

“ನನ್ ತಮ್ಮ ಕರಿಯಪ್ಪನ್ಗೆ ಅವನ ಎಂಡ್ರು ಇಸ ಇಕ್ಕವ್ಳೆ ಬುದ್ಧಿ. ರಾತ್ರಿಯೆಲ್ಲ ಉಚ್ಚು ಇಡ್ದೋನಂಗೆ ಆಡ್ದ. ಒತ್ತಾರೆ ಪ್ರಾಣ ಬುಟ್ಟ.”

ಒಳಗಿನಿಂದ ಇನ್‌ಸ್ಪೆಕ್ಟರ್ ತಿರುನಾರಾಯಣ ಅಯ್ಯಂಗಾರ್ಯರು ಎದ್ದು ಬಂದರು. “ಇಕ್ಕಿದ್ದನ್ನು ನೀನು ಕಂಡೆಯಾ?”

“ಇಲ್ಲ. ಅವಳ ಕೈಲೇ ತಾನೆ ಉಂಡದ್ದು.”

“ಗಂಡ ಹೆಂಡಿರಿಗೆ ಜಗಳವಿತ್ತೆ?”

“ಇತ್ತು. ಯಾರ ಮನೇಲಿ ಇರಕ್ಕಿಲ್ಲ?”

ಮನುಷ್ಯ ಸುಳ್ಳುಗಾರನಲ್ಲ, ದುಃಖದಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ ಎಂದು ಮರಿಸಿದ್ದಯ್ಯನಿಗೆ ಅನ್ನಿಸಿತು. ಆದರೂ ಎಫ್.ಐ.ಆರ್. ಆಯಿತು, ಹೆಣ ಮದ್ದೂರು ಆಸ್ಪತ್ರೆಗೆ ಬಂತು, ಇನ್‌ಸ್ಪೆಕ್ಟರೂ ದಫೇದಾರನೂ ಚಿಕ್ಕರಸಿನಕೆರೆಗೆ ಹೊರಟರು.

ಊರಿನ ಪಟೇಲ ಕರಿಯಪ್ಪನ ಹೆಂಡತಿ ಚಿಕ್ಕನಂಜಮ್ಮನನ್ನು ಚಾವಡಿಯ ಕೋಣೆಗೆ ಕೂಡಿ ಚಿಲಕ ಹಾಕಿಸಿದ್ದ. ಅಯ್ಯಂಗಾರ್ಯರು ಮೊದಲು ಚಿಲಕ ತೆಗೆಸಿ, ಅವಳನ್ನು ಅವಳ ಮನೆಯ ಜಗಲಿಯಲ್ಲೇ ಕೂರಿಸಿ, ತಾವೂ ಎದುರಿಗೆ ಕೂತರು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಊರವರಿಗೆ ಅದೇ ಸಾಕ್ಷಿಯಾಗಿತ್ತು. ನಿಜ ಹೇಳಬೇಕೆಂದರೆ ಮರಿಸಿದ್ದಯ್ಯನಿಗೂ ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತ್ತು.

“ರಾತ್ರಿ ಏನು ಊಟ?”

“ಮುದ್ದೆ, ಉಪ್ಸಾರು.”

“ಯಾರು ಯಾರು ಉಂಡಿರಿ?”

“ಅವ್ರು, ನಾನು, ಮಗ. ಒಂದೇ ಮಡಕೆ.”

“ಅವನು ಬಾಯಿಗೆ ಹಾಕಿಕೊಂಡು ನೀವಿಬ್ಬರೂ ಹಾಕಿಕೊಳ್ಳದ್ದು ಏನಾದರೂ?”

ಅವಳು ಯೋಚಿಸಿದಳು. “ಒಗೆಸೊಪ್ಪು. ಅದ್ರ ಗಾಟು ನಂಗಾಗಕ್ಕಿಲ್ಲ. ಮಳವಳ್ಳಿ ಸಂತೇಲಿ ತಂದಿದ್ರು. ದವಡೆಗಿಟ್ಕಂಡೇ ಮಲಗಿದ್ರು.” ಆಮೇಲೆ ಮೆಲ್ಲಗೆ ಕೇಳಿದಳು: “ನನ್ನ ನೇಣಿಗಾಕುದ್ರೆ ಈ ಮಗೀನ ಯಾರು ನೋಡ್ಕತಾರೆ ಬುದ್ಧಿ?”

ಅಯ್ಯಂಗಾರ್ಯರು ಸುಳ್ಳು ಸಮಾಧಾನ ಹೇಳುವವರಲ್ಲ. ಕರಿಯಪ್ಪನ ಎಲೆಅಡಿಕೆ ಚೀಲ ತರಿಸಿ, ಪಂಚರ ಮುಂದೆ ಮಹಜರು ಬರೆಸಿ, ಮೊಹರು ಮಾಡಿದರು. ಮೊಹರು ಮಾಡುವ ಮುಂಚೆ ಹೊಗೆಸೊಪ್ಪಿನ ಮುದ್ದೆಯನ್ನು ಮೂಗಿನ ಹತ್ತಿರ ಹಿಡಿದು ಎರಡು ಸಲ ಮೂಸಿದರು. ಜನ್ಮದಲ್ಲಿ ಹೊಗೆಸೊಪ್ಪು ಮುಟ್ಟದ ಮನುಷ್ಯ! ದಫೇದಾರ ನಗು ತಡೆದುಕೊಂಡ.

“ಬೆಲ್ಲದ ವಾಸನೆ ರೀ ಮರಿಸಿದ್ದಯ್ಯ. ಅಂಟಂಟಾಗಿದೆ ಬೇರೆ.”

ಮದ್ದೂರು ಆಸ್ಪತ್ರೆಯ ಡಾಕ್ಟರ್ ವೆಂಕಟರಾಮಯ್ಯನವರು ಹೆಣದ ಕಣ್ಣು ನೋಡಿದರು. ಕಣ್ಣಪಾಪೆ ಅಗಲವಾಗಿ ಅರಳಿತ್ತು. ಹೊಗೆಸೊಪ್ಪನ್ನು ನೀರಿನಲ್ಲಿ ನೆನೆಸಿ, ಆ ರಸದ ಒಂದು ತೊಟ್ಟನ್ನು ಆಸ್ಪತ್ರೆಯ ಬೆಕ್ಕಿನ ಒಂದು ಕಣ್ಣಿಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಆ ಕಣ್ಣಿನ ಪಾಪೆಯೂ ಹಾಗೇ ಅರಳಿತು, ಇನ್ನೊಂದು ಎಂದಿನಂತೆ ಸಣ್ಣಗಿತ್ತು.

“ಉಮ್ಮತ್ತಿ, ಅಂದರೆ ದತ್ತೂರಿ ಬೀಜ. ಇದರಲ್ಲಿ ಅನುಮಾನವಿಲ್ಲ,” ಎಂದರು ಡಾಕ್ಟರು. “ಮಳವಳ್ಳಿ ಕಡೆಯಿಂದಲೂ ಹೋದ ವಾರ ಇಬ್ಬರು ಹೀಗೇ ಬಡಬಡಿಸುತ್ತ ಬಂದಿದ್ದರು. ಪುಣ್ಯಕ್ಕೆ ಉಳಿದರು. ಇಬ್ಬರೂ ಹೊಗೆಸೊಪ್ಪು ಹಾಕುವವರೇ.”

ಮರಿಸಿದ್ದಯ್ಯ ತನ್ನ ಎಲೆಅಡಿಕೆ ಚೀಲವನ್ನು ತೆಗೆದು ಅಲ್ಲೇ ಕಸದ ಬುಟ್ಟಿಗೆ ಹಾಕಿದ. ಹೊಗೆಸೊಪ್ಪಿಲ್ಲದೆ ಆವತ್ತೆಲ್ಲ ಅವನಿಗೆ ತಲೆನೋವು.

ಮದರಾಸು ಸೀಮೆಗೆ ಸೇರಿದ ಕೊಳ್ಳೇಗಾಲದ ಕಡೆಯಿಂದ ಹೊಳೆ ದಾಟಿಸಿ, ಸುಂಕ ಕಟ್ಟದೆ ಯಾರೋ ಹೊಗೆಸೊಪ್ಪು ತರುತ್ತಿದ್ದಾರೆಂಬ ಗುಲ್ಲು ವರ್ಷದಿಂದ ಇತ್ತು. ಅದೇ ಮಾಲು ಇದಿರಬೇಕು. ಇನ್ನೂ ಎಷ್ಟು ಜನರ ಸೊಂಟದಲ್ಲಿ ಇದೆಯೋ ಯಾರಿಗೆ ಗೊತ್ತು?

“ಊರೂರಿಗೂ ಇಂದೇ ಡಂಗುರ ಹೊಡೆಸಿ. ಸಂತೆಯ ಹೊಗೆಸೊಪ್ಪನ್ನು ಯಾರೂ ಬಾಯಿಗಿಡಬಾರದು,” ಎಂದರು ಅಯ್ಯಂಗಾರ್ಯರು.

“ತಮಟೆ ಕೇಳುದ್ರೆ ಮಾಡ್ದೋನು ಮಾಲೆಲ್ಲ ಸುಟ್ಟಾಕ್ತಾನೆ ಸ್ವಾಮಿ. ಆಮೇಲೆ ಸೊಪ್ಪಿಗೆ ಬೆರೆಸಿದ್ದೂ ಎಂಡ್ತೀನೇ ಅಂತಾರೆ. ಆ ಎಣ್ಮಗಳು ನೇಣಿಗೆ ಓಯ್ತಾಳೆ,” ಎಂದ ಮರಿಸಿದ್ದಯ್ಯ.

ಅಯ್ಯಂಗಾರ್ಯರು ಆಗಲೇ ಬಾಗಿಲ ಕಡೆ ತಿರುಗಿದ್ದರು. “ಇನ್ನೊಂದು ಹೆಣ ಬೀಳುವುದನ್ನು ಕಾದು ಮಾಡುವ ತನಿಖೆ ನನಗೆ ಬೇಡ. ಡಂಗುರ ಹೊಡೆಯಲಿ. ತಮಟೆಗಿಂತ ಮುಂದೆ ನಾವು ನಡೆಯೋಣ.”

ಬಡ್ತಿಯ ಆಸೆ ಇರುವ ಬೇರೆ ಅಧಿಕಾರಿಯಾಗಿದ್ದರೆ ಎರಡು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಇಂಥವರ ಕೈಕೆಳಗೆ ದುಡಿಯುವುದೇ ಒಂದು ಭಾಗ್ಯ ಎಂದು ಮರಿಸಿದ್ದಯ್ಯನಿಗೆ ಮನಸ್ಸು ತುಂಬಿ ಬಂತು. ಬಾಯಲ್ಲಿ ಮಾತ್ರ, “ಎಲ್ಗೆ ಅಂತ ನಡೆಯೋದು ಸ್ವಾಮಿ?” ಎಂದ.

“ಬೆಲ್ಲದ ವಾಸನೆ ಎಲ್ಲಿಂದ ಬರುತ್ತದೆ?”

ಕಬ್ಬು ಅರೆಯುವ ಕಾಲ. ಮದ್ದೂರಿನಿಂದ ನಿಡಘಟ್ಟದವರೆಗೆ ರಸ್ತೆಯುದ್ದಕ್ಕೂ ಆಲೆಮನೆಗಳ ಹೊಗೆ. ಇಬ್ಬರೂ ಮಫ್ತಿಯಲ್ಲಿ, ತಲೆಗೆ ವಸ್ತ್ರ ಸುತ್ತಿ, ದಾರಿಹೋಕರಂತೆ ಹೊರಟರು. ಆ ಸೀಮೆಯಲ್ಲಿ ಆಲೆಮನೆಗೆ ಕಾಲಿಟ್ಟವನು ಯಾರೇ ಆಗಿರಲಿ, ಹಗೆಯೇ ಆಗಿರಲಿ, ಒಂದು ಚೊಂಬು ಕಬ್ಬಿನ ಹಾಲು, ಎಲೆಯ ಮೇಲೆ ಒಂದಿಷ್ಟು ಬಿಸಿಬೆಲ್ಲ ಕೊಡದೆ ಕಳಿಸುವುದಿಲ್ಲ. ಯಾರು, ಯಾವೂರು ಎಂದು ಕೇಳುವುದು ಆಮೇಲೆ. ಮೊದಲ ಆಲೆಮನೆಯಲ್ಲಿ ಕುಡಿದರು, ಮುಂದಿನದರಲ್ಲೂ ಕುಡಿದರು. ಮೂರನೆಯದರ ಯಜಮಾನ ಕೈಹಿಡಿದು ಕೂರಿಸಿ ಕುಡಿಸಿದ. ಮಡಿವಂತ ಅಯ್ಯಂಗಾರ್ಯರು ಕಣ್ಣುಮುಚ್ಚಿ ಚೊಂಬೆತ್ತುವುದನ್ನು ನೋಡಿ ದಫೇದಾರನಿಗೆ ತಲೆನೋವೇ ಮರೆತುಹೋಯಿತು.

ನಿಡಘಟ್ಟದ ಅಂಚಿನಲ್ಲಿ, ರಸ್ತೆಗೆ ಸ್ವಲ್ಪ ಒಳಗೆ, ಅಪ್ಪಾಜಿ ಎಂಬವನ ಆಲೆಮನೆ. ಒಲೆ ಧಗಧಗ ಉರಿಯುತ್ತಿತ್ತು. ಗಾಣ ಮಾತ್ರ ನಿಂತಿತ್ತು, ಎತ್ತುಗಳು ನೆರಳಲ್ಲಿ ಮಲಗಿದ್ದವು. ಅಪ್ಪಾಜಿ ಅರ್ಧ ದಾರಿಗೇ ಎದುರು ಬಂದ.

“ಆಲಿಲ್ಲ. ಓಗಿ.”

“ಒಂದು ಚೂರು ಬೆಲ್ಲವಾದರೂ?” ಎಂದರು ಅಯ್ಯಂಗಾರ್ಯರು.

“ಇಲ್ಲ ಅಂದೆನಲ್ಲ.”

ಮರಿಸಿದ್ದಯ್ಯ ಬೆಪ್ಪಾಗಿ ನಿಂತ. ಒಲೆ ಉರಿಯುವ ಆಲೆಮನೆಯಲ್ಲಿ ‘ಹೋಗಿ’ ಅನ್ನಿಸಿಕೊಂಡದ್ದು ಅವನ ಆಯುಸ್ಸಿನಲ್ಲೇ ಮೊದಲು. ಅಯ್ಯಂಗಾರ್ಯರು ಆಗಲೇ ಅಪ್ಪಾಜಿಯನ್ನು ದಾಟಿ ಕೊಪ್ಪರಿಗೆಯ ಕಡೆ ನಡೆದಿದ್ದರು.

“ಪಕ್ಕದ ಆಲೆಮನೆಯಿಂದ ಇಬ್ಬರು ಪಂಚರನ್ನು ಕರೆಯಿರಿ, ದಫೇದಾರರೇ.”

ಕೊಪ್ಪರಿಗೆಯಲ್ಲಿ ಬೆಲ್ಲದ ಮಡ್ಡಿಯ ಜೊತೆ ಕರಿಯ ಕಷಾಯ ಕುದಿಯುತ್ತಿತ್ತು. ಪಕ್ಕದ ಗೋಣಿಯಲ್ಲಿ ಮುಳ್ಳುಮುಳ್ಳಾದ ಉಮ್ಮತ್ತಿ ಕಾಯಿ. ಕಬ್ಬಿನ ಸಿಪ್ಪೆಯ ರಾಶಿ ಸರಿಸಿದರೆ ಅದರಡಿ ಗುಂಡಿ, ಗುಂಡಿಯ ತುಂಬ ಹೊಗೆಸೊಪ್ಪಿನ ಕಟ್ಟುಗಳು. ಪಂಚರು ಮಹಜರಿಗೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಊರೊಳಗೆ ಡಂಗುರದ ಸದ್ದು ಕೇಳತೊಡಗಿತು. ಅಪ್ಪಾಜಿಯ ಕೈಗೆ ಬೇಡಿ ಬಿತ್ತು.

ಅಂದು ರಾತ್ರಿಯೇ ಮರಿಸಿದ್ದಯ್ಯ ಚಿಕ್ಕರಸಿನಕೆರೆಗೆ ಹೋಗಿ ವಿಷಯ ತಿಳಿಸಿದ. ಶಿವಯ್ಯ ತಲೆ ತಗ್ಗಿಸಿಕೊಂಡು ಹೋಗಿ ತಮ್ಮನ ಮಗನನ್ನು ಎತ್ತಿಕೊಂಡ. ಚಿಕ್ಕನಂಜಮ್ಮ ಆಗ ಅತ್ತಳು. ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು.

ಮರುದಿನ ಠಾಣೆಯಲ್ಲಿ ಅಯ್ಯಂಗಾರ್ಯರು ಕೇಳಿದರು: “ಉಮ್ಮತ್ತಿ ಯಾಕೆ ಬೆರೆಸಿದೆ?”

ಅಪ್ಪಾಜಿ ನೆಲ ನೋಡುತ್ತ ಹೇಳಿದ: “ಕದ್ದು ತಂದ ಸೊಪ್ಪು, ಬಿಸ್ಲಿಗೆ ಆಕಂಗಿಲ್ಲ, ಕಂಡ್ಬುಡ್ತಾರೆ. ಗುಂಡೀಲಿದ್ದು ಸಪ್ಪೆ ಆಯ್ತು. ನಮ್ಮಪ್ಪನ ಸೊಪ್ಪು ಅಂದ್ರೆ ಸುತ್ತಲ ಸಂತೇಲೆಲ್ಲ ಎಸ್ರು ಸ್ವಾಮಿ. ಮಳವಳ್ಳಿ ಸಂತೇಲಿ ಒಬ್ಬ ಮುದ್ಕ ನನ್ ಸೊಪ್ಪು ಬಾಯ್ಗಾಕಿ ಎಲ್ಲಾರ ಮುಂದೆ ಥೂ ಅಂತ ಉಗುದ್ಬುಟ್ಟ. ‘ನಿಮ್ಮಪ್ಪ ಸೊಪ್ಪು ಮಾರ್ತಿದ್ದ, ನೀನು ಉಲ್ಲು ಮಾರ್ತೀಯ ಕಣ್ಲಾ’ ಅಂದ. ಉಮ್ಮತ್ತಿ ಆಕುದ್ರೆ ಸೊಪ್ಪಿಗೆ ಅಮ್ಲು ಬತ್ತದೆ ಅಂತ ಆಕ್ದೆ.”

ಅವನು ತಲೆ ಎತ್ತಿದ. ಕೈಗೆ ಬೇಡಿ ಬಿದ್ದಿದ್ದರೂ ದನಿಯಲ್ಲಿ ಒಂದಿಷ್ಟು ಹೆಮ್ಮೆ ಉಳಿದಿತ್ತು.

“ಉಮ್ಮತ್ತಿ ಬೆರೆಸಿದ್ ಮ್ಯಾಲೆ ಒಬ್ರೂ ಥೂ ಅನ್ನಲಿಲ್ಲ ಸ್ವಾಮಿ.”

ಅಯ್ಯಂಗಾರ್ಯರು ಲೇಖನಿ ಕೆಳಗಿಟ್ಟರು.

“ಹೌದು,” ಎಂದರು. “ಕರಿಯಪ್ಪನೂ ಅನ್ನಲಿಲ್ಲ.”