ಗೇಟಿನ ಮುಂದಿನ ಹಿಮಗುಡ್ಡೆ

"ಚಿಗುಸಾ, ದೊಡ್ಡವನಾದ್ಮೇಲೆ ನಾನು ಹಿಮ ತೆಗೆಯೋ ಗಾಡಿ ಓಡಿಸ್ತೀನಿ. ನಿಮ್ಮನೆ ಗೇಟಿನ ಮುಂದೆ ಒಂದು ಹಿಡಿ ಹಿಮಾನೂ ಬಿಡಲ್ಲ, ನೋಡ್ತಿರು!"

ಶಾಲೆಯ ದಿನಗಳಲ್ಲಿ ಇಸಾಮು ಕೊಟ್ಟ ಮಾತು.

ಈಗ ಅವನು ಕುರೋತಾನಿ ಎಂಬ ಆ ಬೆಟ್ಟದೂರಿನ ಹಿಮದ ಗಾಡಿಯನ್ನು ನಿಜವಾಗಿಯೂ ಓಡಿಸುತ್ತಿದ್ದ. ಆದರೆ ಇಡೀ ಬೀದಿಯಲ್ಲಿ ಎದೆಯೆತ್ತರದ ಹಿಮಗುಡ್ಡೆ ಬೀಳುತ್ತಿದ್ದುದು ಚಿಗುಸಾಳ ಗೇಟಿನ ಮುಂದೆ ಮಾತ್ರ!

ಒಸಾಕಾ ಬಿಟ್ಟು ಸೋಯಾ ಹಾಲಿನಿಂದ ಪನೀರಿನಂಥ ತೋಫು ಮಾಡಿ ಮಾರುವ ಅಮ್ಮನ ಅಂಗಡಿ ನಡೆಸಲು ಮರಳಿದ ಮೊದಲ ರಾತ್ರಿ, ದಣಿದು ಕಾರನ್ನು ಬೀದಿಯಲ್ಲೇ ಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಗೇಟೇ ಕಾಣಲಿಲ್ಲ. 'ಒಳಗೆ ನಿಲ್ಲಿಸಿದ್ದರೆ ಕಾರೂ ಸಿಕ್ಕಿಹಾಕಿಕೊಳ್ಳುತ್ತಿತ್ತು' ಎಂದುಕೊಂಡು ಅಂದಿನಿಂದ ಬೀದಿಯಲ್ಲೇ ನಿಲ್ಲಿಸತೊಡಗಿದಳು.

ಬೆಟ್ಟದ ಮೇಲಿನ ಹೋಟೆಲಿಗೆ ಬೆಳಗಿನ ಊಟಕ್ಕೆ ತೋಫು ತಲುಪಿಸಬೇಕು. ಹಿಮದಲ್ಲಿ ಹೂತ ಕಾರನ್ನು ಬಿಡಿಸುವಷ್ಟರಲ್ಲಿ ಆಗಲೇ ಒಮ್ಮೆ ತಡವಾಗಿತ್ತು. ಇನ್ನೊಮ್ಮೆ ತಡವಾದರೆ ಆ ಗಿರಾಕಿ ಕೈತಪ್ಪುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ.

ಇವತ್ತಂತೂ ಕಾರಿನ ಪಕ್ಕ ಕೆಂಪು ಬಟ್ಟೆ ಕಟ್ಟಿದ ಬಿದಿರು ಕೋಲು ಬೇರೆ! 'ನನ್ನನ್ನು ಊರಿಗೆಲ್ಲ ತೋರಿಸಿ ಮಾನ ಕಳೆಯೋಕಾ...?'

ಅವಳು ಕೋಲು ಕಿತ್ತುಕೊಂಡು ಹೋಗಿ ಗಾಡಿಗೆ ಅಡ್ಡ ನಿಂತಳು.

"ಇಳಿಯೋ ಕೆಳಗೆ! ಯಾವ ಜನ್ಮದ ಸೇಡೋ ಇದು?"

ಇಸಾಮು ಕಿಟಕಿಯಿಂದ ತಲೆ ಹಾಕಿದ. "ಸೇಡಾ? ನಿನ್ನ ಕಾರು ತೆಗಿಯೇ ಮಹರಾಯ್ತಿ! ಹಿಮಗಾಲದಲ್ಲಿ ರಾತ್ರಿ ಹೊತ್ತು ಬೀದೀಲಿ ಗಾಡಿ ನಿಲ್ಲಿಸಬಾರದು ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ಒಸಾಕಾ ನೀರು ಕುಡಿದು ಮರೆತ್ಯಾ?"

"ಗೇಟಿಗೆ ನೀನು ಗುಡ್ಡೆ ಹಾಕ್ತೀಯ, ಅದಕ್ಕೇ ಬೀದೀಲಿ ನಿಲ್ಲಿಸ್ತೀನಿ!"

"ನೀನು ಬೀದೀಲಿ ನಿಲ್ಲಿಸ್ತೀಯ, ಅದಕ್ಕೇ ಗುಡ್ಡೆ ಬೀಳುತ್ತೆ! ಕಾರು ತಪ್ಪಿಸೋಕೆ ಗಾಡಿ ಮುಂದಿನ ಹಿಮ ತಳ್ಳೋ ಅಲಗು ತಿರುಗಿಸ್ತೀನಿ. ತಿರುಗಿಸಿದ್ರೆ ತಳ್ಳಿಕೊಂಡು ಬಂದ ಹಿಮವೆಲ್ಲ ನಿನ್ನ ಗೇಟಿಗೇ!"

ಚಿಗುಸಾ ಕೈಯಲ್ಲಿದ್ದ ಕೋಲು ಎತ್ತಿ ತೋರಿಸಿದಳು. "ಮತ್ತೆ... ಈ ಕೋಲು?"

"ಹಿಮದಡಿ ನಿನ್ನ ಕಾರು ಕಾಣಲ್ಲ. ಅಲಗು ತಗುಲಿದ್ರೆ ಪುಡಿಪುಡಿ. ಅದಕ್ಕೇ ನೆಟ್ಟಿದ್ದು."

ಕಣ್ಣು ತುಂಬಿ ಬಂದರೂ ಹಳೆಯ ಸಿಟ್ಟು ಇಳಿಯಲಿಲ್ಲ. "ಕಾರಿನ ಮೇಲೆ ಇಷ್ಟು ಕಾಳಜಿ! ನಾನು ಊರು ಬಿಟ್ಟ ದಿನ ಬಸ್ ನಿಲ್ದಾಣಕ್ಕೆ ಮಾತ್ರ ಬರಲಿಲ್ಲ."

ಇಸಾಮು ಕೆಳಗಿಳಿದು ಬಂದ. ದನಿ ತಗ್ಗಿತು.

"ಅವತ್ತು ಎಷ್ಟು ಹಿಮ ಬಿದ್ದಿತ್ತು, ನೆನಪಿದೆಯಾ? ನಿನ್ನ ಬಸ್ಸಿಗೆ ದಾರಿ ಬಿಡಿಸಿದ್ದು ಯಾರು ಅಂದ್ಕೊಂಡೆ? ಗಾಡಿ ಕೆಲಸಕ್ಕೆ ಸೇರಿದ ಮೊದಲ ವಾರ ಅದು. ನೀನು ದೂರ ಹೋಗೋ ದಾರೀನ ನನ್ನ ಕೈಯಾರೆ ಬಿಡಿಸಿದೆ ಕಣೇ..."

'ಇಷ್ಟು ವರ್ಷ ಯಾರ ಮೇಲೆ ಮುನಿಸಿಕೊಂಡಿದ್ದೆ ನಾನು!' ಎಂದುಕೊಂಡಳು ಚಿಗುಸಾ.

"ಇವತ್ತೊಂದಿನ ಕಾರನ್ನ ಅಂಗಳದೊಳಗೆ ನಿಲ್ಲಿಸು. ನನ್ನ ನಂಬು."

"ಬೆಳಿಗ್ಗೆ ಗೇಟು ಮುಚ್ಚಿದ್ರೆ ನನ್ನ ಅಂಗಡೀನೂ ಮುಚ್ಚುತ್ತೆ, ಇಸಾಮು."

"ಗೊತ್ತು."

ಅಂದು ಅವಳು ಕಾರನ್ನು ಒಳಗೆ ತಂದಳು. ಅಂದೇ ಆಕಾಶ ಕಳಚಿಕೊಂಡು ಬಿದ್ದಂತೆ ಹಿಮ! 'ಹುಚ್ಚಿ, ಯಾಕೆ ನಂಬಿದೆ?' ಎಂದು ತನ್ನನ್ನೇ ಬೈದುಕೊಳ್ಳುತ್ತ ಸೋಯಾ ಹಾಲು ಕುದಿಸಿದಳು.

ಬೆಳಕು ಹರಿಯುವ ಮುನ್ನ ಗೇಟು ತೆರೆದಳು. ಎಲ್ಲರ ಮನೆ ಮುಂದೆಯೂ ಮೊಣಕಾಲೆತ್ತರದ ಹಿಮದ ಸಾಲು. ಅವಳ ಗೇಟಿನ ಮುಂದೆ ಮಾತ್ರ ಕಪ್ಪು ರಸ್ತೆ ಕಾಣುತ್ತಿತ್ತು. ಅಲ್ಲಿ ಸಲಿಕೆಗೆ ಒರಗಿ ಏದುಸಿರು ಬಿಡುತ್ತಿದ್ದ ಇಸಾಮು!

ಚಿಗುಸಾ ಬಿಸಿ ಸೋಯಾ ಹಾಲಿನ ಬಟ್ಟಲು ಕೊಟ್ಟಳು. "ಎಲ್ಲಾ ಗಾಡೀನೇ ಮಾಡ್ತಾ?"

"ಮುಕ್ಕಾಲು ಭಾಗ. ಉಳಿದಿದ್ದಕ್ಕೆ ಸಲಿಕೆ... ನೀನು ಮತ್ತೆ ಒಸಾಕಾಗೆ ಹೋಗ್ತೀಯಾ?"

"ಹೋಗಲ್ಲ."

"ಹಾಗಾದ್ರೆ ಈ ಸಲಿಕೆ ಇಲ್ಲೇ ಇರಲಿ."

"ಸಲಿಕೆ ಒಂದೇನಾ?"

ಅವನ ಕಿವಿ ಕೆಂಪಾಯಿತು. "ಮೊದಲು ತೋಫು ಕೊಟ್ಟು ಬಾರೇ. ತಡ ಆಗುತ್ತೆ..."

ತೋಫು ಹೊತ್ತಿಗೆ ಸರಿಯಾಗಿ ತಲುಪಿತು. ಇಸಾಮು ಮಾತು ಉಳಿಸಿಕೊಂಡಿದ್ದ.